ಬಚ್ಚಲಿಗೆ ಬಂದ ಇನ್‌ಸ್ಪೆಕ್ಟರು

ಇರುವೆಗಳಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಜನ ನೆಲ ನೋಡಿಕೊಂಡು ಹೆಜ್ಜೆ ಇಡುವುದನ್ನು ಕಲಿತಿದ್ದರು. ಹಾಗಾಗಿ ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ತಮ್ಮ ಬಚ್ಚಲಿನಿಂದ ಇರುವೆಗಳು ಸಾಲಾಗಿ ಹೊರಬಂದಾಗ ಪುಟ್ಟಮಾದಯ್ಯನವರಿಗೆ ಅಚ್ಚರಿಯಾಗಲಿಲ್ಲ. ಒಂದು ಹೆಜ್ಜೆ ಮಾತ್ರ ಹಿಂದೆ ಸರಿದರು. ಅಡುಗೆಮನೆಯಲ್ಲಿ ಹೆಂಡತಿ ಶಿವನಂಜಮ್ಮ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದರು.

ಮುಂದಿದ್ದ ಇನ್‌ಸ್ಪೆಕ್ಟರ್ ಇರುವೆ ಮೀಸೆ ಒರೆಸಿಕೊಂಡು ಕೇಳಿತು. "ಯಜಮಾನ್ರೇ, ಬಾಯಾರಿಕೆ ಜಾಸ್ತಿನಾ?"

"ಬಿಸಿಲು ಕಾಲ ಕಣಪ್ಪ, ಯಾರಿಗೆ ಬಾಯಾರಲ್ಲ?"

"ತೂಕ ಇಳಿದಿದೆಯಾ?"

"ವಾಕಿಂಗ್ ಮಾಡಿ ನಾನೇ ಇಳಿಸಿದೀನಿ," ಎಂದು ಅವರು ಎದೆಯುಬ್ಬಿಸಿದರು. ಆ ರಭಸಕ್ಕೆ ಪಂಚೆ ಜಾರಿತು.

"ರಾತ್ರಿಯೆಲ್ಲಾ ಬಚ್ಚಲಿಗೆ ಹೋಗಿ ಬರೋದೇ ಇವರ ವಾಕಿಂಗು!" ಎಂದು ಶಿವನಂಜಮ್ಮ ಒಳಗಿಂದಲೇ ಕೂಗಿದರು.

ಇರುವೆ ಅವರ ಕಾಲಿನ ಹೆಬ್ಬೆರಳಿಗೆ ಒಂದು ಪ್ರದಕ್ಷಿಣೆ ಹಾಕಿತು. "ಈ ಗಾಯ?"

"ಶಿವರಾತ್ರೀಲಿ ಎಡವಿದ್ದು. ಇವತ್ತೋ ನಾಳೆಯೋ ಮಾಯುತ್ತೆ."

"ಈಗ್ಲೇ ಬರೀ ಹೊಟ್ಟೇಲಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ರಿಪೋರ್ಟ್ ಬರೋವರೆಗೂ ಒಬ್ಬಟ್ಟು ಮುಟ್ಟೋ ಹಾಗಿಲ್ಲ."

ಒಬ್ಬಟ್ಟಿನ ಹೆಸರು ಬಂದದ್ದೇ ತಡ, ಪುಟ್ಟಮಾದಯ್ಯ ಪಂಚೆ ಹಿಡಿದುಕೊಂಡೇ ಅಡುಗೆಮನೆಗೆ ಓಡಿ, ಒಂದು ಹಿಡಿ ಸಕ್ಕರೆ ತಂದು ಇರುವೆಗಳ ಮುಂದೆ ಸುರಿದರು.

"ಹಬ್ಬದ ಖುಷಿಗೆ ಇಟ್ಕೊಳ್ಳಿ. ನಮ್ಮನೆ ಕಡೆ ಬರಲೇ ಇಲ್ಲ ಅಂತ ಹೇಳಿಬಿಡಿ."

ಸಾಲಿನಲ್ಲಿ ಒಂದು ಇರುವೆಯೂ ಅಲುಗಲಿಲ್ಲ. ಇನ್‌ಸ್ಪೆಕ್ಟರು ಸಂಕೋಚದಿಂದ ಹೊಟ್ಟೆ ಸವರಿಕೊಂಡಿತು.

"ಬೇಡಿ ಯಜಮಾನ್ರೇ. ಈಗ ತಾನೇ ನಿಮ್ಮ ಬಚ್ಚಲಲ್ಲಿ ಹೊಟ್ಟೆ ತುಂಬಾ ಆಯ್ತು."