ದಾರದಲ್ಲೊಂದು ಗಂಟು

“ಇದರ ಮೊಳೆ ಮೂಳೆ ದಾಟುತ್ತಾ?”

ಉಪಕರಣಗಳ ಅಂಗಡಿಯವನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕೆಳಗಿಟ್ಟ. ನೇಲ್ ಗನ್ ಕೊಳ್ಳಲು ಬಂದವರು ತೇಗದ ಮಾತೆತ್ತುವುದುಂಟು, ಪ್ಲೈವುಡ್ಡಿನ ಮಾತೆತ್ತುವುದುಂಟು. ಮೂಳೆಯ ಮಾತೆತ್ತಿದವರು ಅದುವರೆಗೆ ಯಾರೂ ಇರಲಿಲ್ಲ.

ಎದುರಿಗೆ ನಿಂತವಳ ಎಡಗೈಗೆ ಬ್ಯಾಂಡೇಜು ಸುತ್ತಿತ್ತು. ಅವಳ ಗಂಡ ಛಾವಣಿ ಕೆಲಸದವನು; ಬೀದಿಯ ಬಾಯಲ್ಲಿ ಅವನ ಹೆಸರು ಗುಡುಗು. ಇದೇ ಅಂಗಡಿಯಲ್ಲಿ ಗಿರಾಕಿಯೊಬ್ಬನ ತಲೆಯನ್ನು ಗಾಜಿನ ಮೇಜಿಗೆ ಅಪ್ಪಳಿಸಿದಂದಿನಿಂದ ಅವನಿಗೆ ಆ ಬಾಗಿಲು ಮುಚ್ಚಿತ್ತು. ಆಮೇಲೆ ಜೊತೆಗಾರನಿಂದ ಎರವಲು ತಂದ ಬ್ಯಾಟರಿ ಗನ್ನಿನಿಂದ ಹೆಂಡತಿಯ ಅಂಗಿಯ ತೋಳನ್ನು ಗೋಡೆಗೆ ಜಡಿದಿದ್ದ. ತೋಳಿನೊಳಗೆ ಕೈಯೂ ಇತ್ತು. ಜೊತೆಗಾರ ಹೆದರಿ ಗನ್ನನ್ನು ವಾಪಸು ಒಯ್ದ. ಮನೆಯ ಗೋಡೆಗಳಿಗೆ ಹಲಗೆ ಹೊದಿಸುವ ಕೆಲಸ ಅರ್ಧಕ್ಕೆ ನಿಂತಿತು. ಹೊಸ ಗನ್ನು ತರಲು ಗುಡುಗು ಹೆಂಡತಿಯನ್ನೇ ಅಟ್ಟಿದ. ಮಗಳನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ ಅವಳು ಒಳಗೆ ಬಂದಿದ್ದಳು.

“ದಾಟುತ್ತಮ್ಮ,” ಎಂದ ಅಂಗಡಿಯವನು.

“ಎರಡು ಬೆರಳು ದಪ್ಪದ ಹಲಗೆ?”

“ಮೂತಿ ತಾಗಿಸಿ ಹೊಡೆದರೆ ಬೆಣ್ಣೆ. ದೂರದಿಂದ ಆಗಲ್ಲ. ಕಾವಲು ಕೊಂಡಿ ಕಟ್ಟಿಹಾಕಿ ಹಾರಿಸಿದರೂ ಮೈಗೆ ಚುಚ್ಚೀತು, ಹಲಗೆ ದಾಟಲ್ಲ.” ಅವನು ಬ್ಯಾಟರಿಯದನ್ನು ಮುಂದಿಟ್ಟ. “ನಿಮ್ಮ ಯಜಮಾನ್ರು ಹೇಳಿ ಕಳಿಸಿದ್ದು ಇದನ್ನೇ ತಾನೆ? ಮನೆ ಕೆಲಸಕ್ಕೆ ಇದೇ ವಾಸಿ. ಪೈಪಿಲ್ಲ, ಗಲಾಟೆಯಿಲ್ಲ. ಎಲ್ಲಿಗೆ ಹೋದರೂ ನಾಯಿಮರಿ ತರಹ ಹಿಂದೇನೇ ಬರುತ್ತೆ.”

“ಗೊತ್ತು. ಗಾಳಿದು ತೋರಿಸಿ.”

“ಅಯ್ಯೋ, ಅದಕ್ಕೆ ಗಾಳಿ ತುಂಬೋ ಕಂಪ್ರೆಸರ್ ಶುರುವಾದರೆ ಕುಂಭಕರ್ಣನೂ ಎದ್ದು ಕೂರ್ತಾನೆ!”

“ಬಾಗಿಲು ಹಾಕಿದ್ದರೂ ಕೇಳುತ್ತಾ?”

“ಮನೆಯೊಳಗೆ ಕೊಲೆ ಆದರೂ ಬೀದಿಗೆ ಅದೊಂದೇ ಸದ್ದು ಕೇಳೋದು,” ಎಂದು ಅವನು ನಕ್ಕ. ಅವಳು ನಗಲಿಲ್ಲ.

“ಟ್ಯಾಂಕಲ್ಲಿ ಗಾಳಿ ಇಲ್ಲದಿದ್ದರೆ?”

“ಬರೀ ಕಬ್ಬಿಣ. ಅಂದ ಹಾಗೆ, ದಿನಾ ಕೆಲಸ ಮುಗಿದ ಮೇಲೆ ಗಾಳಿ ಬಿಟ್ಟುಬಿಡಿ. ಇಲ್ಲದಿದ್ದರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತೆ.”

“ಮರೆಯದೆ ಬಿಡ್ತೀನಿ.”

ಆಗ ಅವಳು ಚೀಲದಿಂದ ದಾರದ ಸುರುಳಿಯೊಂದನ್ನು ತೆಗೆದಳು. ಈ ಕಥೆ ಹೇಳುವಾಗ ಅದನ್ನು ಹಗ್ಗವೆನ್ನುವವರೂ ಇದ್ದಾರೆ. ದಾರವೆಂಬ ಪಾಠವೇ ಸರಿ.

“ಪೈಪು ಇಷ್ಟೇ ಉದ್ದ ಇರಲಿ. ಒಂದು ಬೆರಳೂ ಹೆಚ್ಚು ಬೇಡ.”

ದಾರವನ್ನು ಮೇಜಿನ ಮೇಲೆ ಹರವಿದಾಗ ನಡುವೆ ಒಂದು ಗಂಟು ಕಂಡಿತು.

“ಇದೇನಮ್ಮ, ಇಲ್ಲೊಂದು ಗಂಟು?”

“ಅದು ಲೆಕ್ಕಕ್ಕಿಲ್ಲ. ನಿಮ್ಮ ಫಿಟ್ಟರ್ ಬಂದು ಕಂಪ್ರೆಸರನ್ನ ನೆಲಕ್ಕೆ ಬೋಲ್ಟ್ ಹಾಕಿ ಹೋಗಲಿ. ಎಳೆದರೆ ಅಲುಗಬಾರದು. ಜಾಗ ನಾನು ತೋರಿಸ್ತೀನಿ.”

ಅವಳು ಹೋದ ಮೇಲೆ ಅಂಗಡಿಯವನು ಹೆಂಡತಿಗೆ ಹೇಳಿದ: “ಗುಡುಗಿನ ಕಥೆ ಮುಗೀತು ಕಣೇ. ಆಯಮ್ಮ ಅವನ ಅಳತೆ ತೆಗೆದಾಯ್ತು.”

“ತೆಗೀಲಿ ಬಿಡಿ,” ಎಂದಳು ಅವಳು.

ಬ್ಯಾಟರಿಯದನ್ನು ತರಲಿಲ್ಲವೆಂದು ಗುಡುಗು ಹೆಂಡತಿಯ ಎರಡು ಹಲ್ಲು ಉದುರಿಸಿದ. ಬಳಿಕ ಅವಳು ತಂದ ಗಾಳಿ ಗನ್ನಿನಲ್ಲೇ ಕೆಲಸಕ್ಕಿಳಿದ. ಪೈಪು ಹಲಗೆ ಹೊಡೆಯಬೇಕಾದ ಗೋಡೆಗಳಿಗೆಲ್ಲ ಎಟುಕುತ್ತಿತ್ತು. ಮೂತಿ ಒತ್ತದೆ ಮೊಳೆ ಹಾರದಂತೆ ತಡೆಯುವ ಕಾವಲು ಕೊಂಡಿಯನ್ನು ತಂತಿಯಿಂದ ಬಿಗಿದು ಕಟ್ಟಿ, ಅಂಗಳದ ಬೆಕ್ಕೊಂದನ್ನು ಕಿಟಕಿಯಿಂದಲೇ ಹೊಡೆದು ಕುಂಟಾಗಿಸಿದ. ಪ್ರತಿ ಸಂಜೆ ಅವಳು ಟ್ಯಾಂಕಿನ ಗಾಳಿ ಬಿಟ್ಟಳು. ತುಕ್ಕಿಗೆ ಅಷ್ಟು ಹೆದರುವ ಹೆಂಗಸನ್ನು ತಾನು ಕಂಡಿಲ್ಲವೆಂದು ಪಕ್ಕದ ಮನೆಯ ದರ್ಜಿ ಹಾಸ್ಯ ಮಾಡುತ್ತಿದ್ದ.

ಹಲಗೆಯೊಂದು ಸೊಟ್ಟಗೆ ಕೂತ ದಿನ ಸಂಜೆ, ಕೆಲಸ ಮುಗಿದ ಮೇಲೆ, ಗುಡುಗು ಗನ್ನೆತ್ತಿ ಹೆಂಡತಿಯ ಮೇಲೆ ಗುರಿಯಿಟ್ಟ. ಗನ್ನು ಉಸಿರೆತ್ತಲಿಲ್ಲ.

“ಯಾರೇ ಗಾಳಿ ಬಿಟ್ಟಿದ್ದು?”

“ನಾನೇ.”

“ಇವತ್ತು ನಿಮ್ಮಿಬ್ಬರನ್ನೂ ಗೋಡೆಗೆ ಜಡಿದುಬಿಡ್ತೀನಿ!”

ಸ್ವಿಚ್ಚು ಬಿತ್ತು. ಕಂಪ್ರೆಸರ್ ಭೋರಿಟ್ಟಿತು.

ಮುಂದಿನದು ದರ್ಜಿ ಕಿಟಕಿಯಿಂದ ಕಂಡದ್ದು. ಬೀದಿಯ ಬಾಗಿಲು ಹಾರು ಹೊಡೆದಿತ್ತು, ಅವಳು ಓಡಲಿಲ್ಲ. ಅವನಿಗೆ ಅಡ್ಡ ನಿಂತಳು. ಮೊದಲ ಮೊಳೆ ಅವಳ ಭುಜಕ್ಕೆ ನಾಟಿತು. ಎರಡನೆಯದನ್ನು ಕೊರಳ ಕೆಳಗಿನ ಮೂಳೆಗೆ ಮೂತಿಯೊತ್ತಿಯೇ ಹೊಡೆದ. ಅವಳು ಕುಸಿದಳು. ಅವಳನ್ನು ತುಳಿದುಕೊಂಡೇ ಅವನು ಒಳಗಡೆಗೆ ನುಗ್ಗಿದ.

ಪೈಪು ಬಿಗಿಯಿತು. ಅವನು ಬೈದು ಜಗ್ಗಿದ. ಬೋಲ್ಟು ಅಲುಗಲಿಲ್ಲ. ಕೋಪದ ಕುದಿ ತಡೆಯದೆ, ಟ್ರಿಗರಿನ ಮೇಲಿಟ್ಟ ಬೆರಳನ್ನು ತೆಗೆಯದೆಯೇ, ಎರಡೂ ಕೈಯಿಂದ ಎಳೆದ. ಪೈಪು ತಿರುಗಿ ಎಳೆಯಿತು. ಗನ್ನಿನ ಮೂತಿ ಅವನದೇ ತೊಡೆಯ ಸಂದಿಗೆ ಹೊರಳಿತು. ಒಂದು ಮೊಳೆ. ಮತ್ತೊಂದು. ರಕ್ತ ಹಲಗೆಗಳ ಮೇಲೆ ಚಿಮ್ಮಿತು. ಟ್ಯಾಂಕು ತುಂಬಿ ಕಂಪ್ರೆಸರಿನ ಸದ್ದು ನಿಂತಾಗ ಅವನ ಸದ್ದೂ ನಿಂತಿತ್ತು.

ಅವಳು ಉಳಿದಳು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಮಹಿಳಾ ಪೊಲೀಸೊಬ್ಬಳು ಕುಳಿತಳು. ಮೊದಲೇ ಹೂಡಿದ ಬಲೆ ಎಂದಿತು ಬೀದಿ. ಅಂಗಡಿಯವನೂ ಅದನ್ನೇ ಹೇಳಿದ: ಮೂಳೆ, ಸದ್ದು, ಬೋಲ್ಟು, ದಾರ. ಕೊಲೆಗೆ ಇನ್ನೇನು ಸಾಕ್ಷಿ ಬೇಕು?

ಇನ್ಸ್‌ಪೆಕ್ಟರು ಅವಳ ಚೀಲದಲ್ಲಿದ್ದ ದಾರದ ಸಮೇತ ಅಂಗಡಿಯವನನ್ನು ಆ ಮನೆಗೆ ಕರೆದೊಯ್ದರು. ಒಂದು ತುದಿಯನ್ನು ಕಂಪ್ರೆಸರಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ಒಳಗಡೆಗೆ ನಡೆದರು. ಎರಡು ಬೆರಳು ದಪ್ಪದ ಬಾಗಿಲೊಂದಕ್ಕೆ ಒಂದು ಗೇಣು ಉಳಿದಿರುವಾಗ ದಾರ ಮುಗಿಯಿತು.

“ಇದು ಯಾರ ಕೋಣೆ?”

“ನಂದು,” ಎಂದಳು ದರ್ಜಿಯ ಕೈ ಹಿಡಿದು ನಿಂತಿದ್ದ ಮಗಳು. “ಮಷೀನ್ ಕೂಗಿದ ತಕ್ಷಣ ಚಿಲಕ ಹಾಕ್ಕೋ ಅಂತ ಅಮ್ಮ ಹೇಳಿಕೊಟ್ಟಿದ್ದಳು.”

ಅಂಗಡಿಯವನು ತಲೆ ತಗ್ಗಿಸಿದ. ನೆಲದಿಂದ ಗೇಣೆತ್ತರದಲ್ಲಿ ಬಿಗಿದು ನಿಂತಿದ್ದ ದಾರ ಆಗ ಅವನ ಕಣ್ಣಿಗೆ ಬಿತ್ತು.

ಲೆಕ್ಕಕ್ಕಿಲ್ಲವೆಂದಿದ್ದ ಗಂಟು ನಡುಮನೆಯ ನೆಲದಲ್ಲಿ ಹಾಸಿದ್ದ ಆ ತಾಯಿಯ ಹಾಸಿಗೆಯ ದಿಂಬಿನ ಮೇಲಿತ್ತು.