ಪಾಯಸ ಮೊದಲು

ಅಬ್ಬಿಗೆರೆಯ ದಿಬ್ಬಣ ಕೊಡಿಗೇಹಳ್ಳಿಯ ಕೆರೆಯ ಏರಿಯ ಮೇಲೆ ಬರುತ್ತಿದ್ದುದನ್ನು ಕಂಡು ದೊಡ್ಡಮುನಿಯಪ್ಪ ಒಳಗೋಡಿ ಅಕ್ಕಿ ಚೀಲ ಎಣಿಸಿದ. ಮಗಳ ಮದುವೆಗೆ ನಾಲ್ಕು ಗಾಡಿ ಜನ ಬರುತ್ತೇವೆಂದಿದ್ದ ಬೀಗರು ಹಿಂದೆ ಒಂದು ಲಾರಿಯನ್ನೂ ತುಂಬಿಸಿಕೊಂಡು ಬಂದಿದ್ದರು. ಅಕ್ಕಿ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಊರೆಲ್ಲ ಜಾಲಾಡಿದರೂ ಇನ್ನೊಂದು ಚೀಲ ಹುಟ್ಟುವಂತಿರಲಿಲ್ಲ. ಗಂಡಿನ ಕಡೆಯವರು ಹಸಿದು ಎದ್ದರೆ ಮಗಳು ಬದುಕಿರುವಷ್ಟು ದಿನ ಆ ಮಾತು ಕೇಳಬೇಕು.

"ನಾನು ನೋಡ್ಕೊತೀನಿ ಬಾವ," ಎಂದ ಲಕ್ಕಣ್ಣ, ದೊಡ್ಡಮುನಿಯಪ್ಪನ ಹೆಂಡತಿಯ ತಮ್ಮ.

"ನೀನಾ! ಒಂದ್ ಕೆಲಸನಾದ್ರೂ ನೆಟ್ಟಗೆ ಕಲ್ತಿದ್ದೀಯೇನ್ಲಾ?"

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಲಕ್ಕಣ್ಣ ನಾಟಕ ಕಂಪನಿ ಸೇರಿ ಪರದೆ ಎಳೆಯುವಷ್ಟು ಕಲಿತು ಓಡಿ ಬಂದಿದ್ದ. ಯಲಹಂಕದ ಡಾಕ್ಟರ ಹತ್ತಿರ ಔಷಧಿ ಸೀಸೆ ತೊಳೆದಿದ್ದ. ಯಶವಂತಪುರದ ದರ್ಜಿ ದಿಲ್ಶಾದ್ ಸಾಹೇಬರಲ್ಲಿ ಗುಂಡಿ ಹೊಲಿಯುವ ತನಕ ಬಂದು ಅದನ್ನೂ ಬಿಟ್ಟಿದ್ದ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ದೊಡ್ಡಮುನಿಯಪ್ಪ ಸೌಟನ್ನು ಅವನ ಕೈಗಿತ್ತ.

ಚಪ್ಪರದ ಬಾಗಿಲಲ್ಲೇ ಚೊಂಬು ಚೊಂಬು ಬೆಲ್ಲದ ಪಾನಕ, ಬೊಗಸೆ ತುಂಬ ಹುರಿದ ಕಡಲೆಕಾಯಿ. "ನಮ್ಮೂರ ಪದ್ಧತಿ, ಬ್ಯಾಡ ಅನ್ಬಾರ್ದು," ಎಂದು ಲಕ್ಕಣ್ಣ ಕೈಮುಗಿದ. ಆ ಪದ್ಧತಿ ಊರಲ್ಲಿ ಹುಟ್ಟಿದ್ದೇ ಆ ಗಳಿಗೆಯಲ್ಲಿ. ಒಳಗೆ ಬಾಳೆಲೆಗಳನ್ನೆಲ್ಲ ದರ್ಜಿಯ ಹಾಗೆ ಅಳೆದು ಕತ್ತರಿಸಿ ಚಿಕ್ಕದು ಮಾಡಿಸಿದ. ಎಲೆಗೆ ಮೊದಲು ಬಿದ್ದದ್ದು ಅನ್ನವಲ್ಲ, ಪಾಯಸ.

"ಇದ್ಯಾಕ್ಲಾ ಮೊದ್ಲು?" ದೊಡ್ಡಮುನಿಯಪ್ಪ ಪಿಸುಗುಟ್ಟಿದ.

"ಊಟಕ್ ಮುಂಚೆ ಸಿಹಿ ಕೊಟ್ರೆ ಮಕ್ಕಳಿಗೆ ಅಸಿವು ಸಾಯ್ತದೆ ಅಂತ ಡಾಕ್ಟ್ರು ತಾಯಂದಿರಿಗೆ ಬೈಯೋರು ಬಾವ."

"ಮತ್ತೆ ಅನ್ನ?"

"ತಡಿ. ನಾಟಕದಾಗೆ ರಾಜಪಾರ್ಟು ತಡವಾಗಿ ಬಂದ್ರೇನೇ ಚಪ್ಪಾಳೆ."

ಅನ್ನ ಬಂದಿತು, ವಾಲಗದ ಸಮೇತ. ಅಷ್ಟರಲ್ಲಿ ಪಂಕ್ತಿಗೆ ಪಂಕ್ತಿಯೇ ತೇಗುತ್ತಿತ್ತು. ಬಡಿಸಲು ಬಗ್ಗಿದರೆ ಎಲೆಗೆ ಕೈ ಅಡ್ಡ. ಎಲ್ಲರೂ ಉಂಡ ಮೇಲೂ ಒಂದು ಮಂಕರಿ ಅನ್ನ ಮಿಕ್ಕಿತು. ದೊಡ್ಡಮುನಿಯಪ್ಪನಿಗೆ ಅಳುವೇ ಬಂದುಬಿಟ್ಟಿತು.

ಗಂಡಿನ ತಂದೆ ಚಿಕ್ಕಬೈರಪ್ಪ ಎಲೆಅಡಿಕೆ ಮಡಿಸುತ್ತ ಪಕ್ಕಕ್ಕೆ ಬಂದು ಕುಳಿತ. "ಪಾನಕ ಯಾಕ್ ಕುಡಿಸಿದ್ರಿ ಅಂತ ನಂಗೂ ಗೊತ್ತಾಯ್ತು ಬೀಗರೇ," ಎಂದು ಕಣ್ಣು ಮಿಟುಕಿಸಿದ. "ಬರೋ ತಿಂಗಳು ನನ್ ಮಗಳ ಮದ್ವೆ. ಆ ಉಡುಗನ್ನ ಒಂದಿನ ಕಳಿಸ್ಕೊಡಿ."

ಲಕ್ಕಣ್ಣ ಹಿಂದೆಯೇ ಚಪ್ಪರದ ಕಂಬಕ್ಕೊರಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ದೊಡ್ಡಮುನಿಯಪ್ಪ ಮೆಲ್ಲಗೆ ಸರಿದು ಅವನು ಕಾಣದಂತೆ ಅಡ್ಡ ಕುಳಿತ.

"ಕೇಳಿ ನೋಡ್ಬೇಕು ಬೀಗರೇ. ಅವನಿಗೆ ಪುರ್ಸೊತ್ತೇ ಇರಲ್ಲ."