ಎಡಕ್ಕೆ ಇನ್ನೊಂಚೂರು

ಮೈಸೂರಿನ ಪಂಕಜಾಕ್ಷಿ ಆಪರೇಷನ್ ಮಾಡಿಸಿ ಹೊಟ್ಟೆ ಬಿಗಿ ಮಾಡಿಸಿಕೊಂಡಾಗ ಕತ್ತರಿಸಿ ತೆಗೆದ ಚರ್ಮವನ್ನು ಎಲ್ಲರಂತೆ ದಾನ ಕೊಟ್ಟಿದ್ದಳು. ಅದೀಗ ಗದಗಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಶಂಕ್ರವ್ವನ ಸುಟ್ಟ ಮುಂಗೈ ಮೇಲಿತ್ತು. ನರಗಳು ಹಳೆಯ ಚರ್ಮದ ನೆಂಟಸ್ತಿಕೆ ಬಿಡುವವರೆಗೆ ಪಂಕಜಾಕ್ಷಿಯ ಹೊಟ್ಟೆ ತುರಿಸಿದರೆ ಆ ಮುಂಗೈ ಕೆರೆಯಬೇಕಾದವಳು ಶಂಕ್ರವ್ವ. ಹಾಗಾಗಿ ದಿನಕ್ಕೆ ನಾಲ್ಕು ಫೋನು, ಕೆರೆತದ ಜೊತೆಗೆ ಓಣಿಯ ಸುದ್ದಿ.

ಆಪರೇಷನ್ ಆದ ಒಂಬತ್ತನೇ ತಿಂಗಳು ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ನರ ಕೂಡಿದೆ, ಇನ್ನು ತುರಿಸಲ್ಲ" ಎಂದರು. ಪಂಕಜಾಕ್ಷಿ ಮನೆಗೆ ಬಂದವಳೇ ಫೋನು ಮಾಡಿದಳು.

"ಶಂಕ್ರವ್ವ, ತಡಿಯಕ್ಕಾಗ್ತಿಲ್ಲ ಕಣೇ! ಎಡಕ್ಕೆ ಇನ್ನೊಂಚೂರು ಕೆರಿಯೇ."

"ಕೆರಿಯಾಕತ್ತೀನ್ರಿ ಅಕ್ಕಾರ. ಹಿತ ಆತೇನ್ರಿ?"

ಫೋನಿನ ಆ ಕಡೆ ಎರಡೂ ಕೈಯಲ್ಲಿ ರೊಟ್ಟಿ ಬಡಿಯುವ ಪಟಪಟ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ.

"ಹಾ... ಈಗ ಹಾಯಾಯ್ತು," ಎಂದಳು ಪಂಕಜಾಕ್ಷಿ. "ಆಮೇಲೆ? ನಿಮ್ಮ ಎದುರುಮನೆ ಸೊಸೆ ಏನಂದ್ಲು ನಿನ್ನೆ?"